ದಂಡು ಅವರದು, ದಂಡ ನಮ್ಮದು

ಈ ಬ್ಲಾಗಿನ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಬರೀ ಸೋಮಾರಿತನ. ಆದರೆ ಈ ಸಲ ಸುಮ್ಮನಿರೋಕೆ ಆಗಲಿಲ್ಲ. ಸ್ವಲ್ಪ ಉದ್ದವಾಗಬಹುದು, ಸ್ವಲ್ಪ ಖಾರವೂ ಆಗಬಹುದು. ನಾನು ಜೇವರ್ಗಿ ತಾಲೂಕಿನವನು, ಖಾರ ಇಲ್ಲದಿದ್ದರೆ ರೊಟ್ಟಿ ಇಳಿಯಲ್ಲ :-)

ವಿಷಯ ಇಷ್ಟು. ಬ್ಲಾಗಿಗ ಗೆಳೆಯರೊಬ್ಬರು ಜರ್ಮನಿಯ ಒಂದು ಕಾಲಾಳು ಬ್ರಿಗೇಡಿನ ಇತಿಹಾಸ ಬರೆದಿದ್ದರು. ಚೆನ್ನಾಗಿಯೇ ಬರೆದಿದ್ದರು, ಅದರಲ್ಲಿ ಎರಡು ಮಾತಿಲ್ಲ. ಯಾವ ವರ್ಷ ಕಟ್ಟಿದರು, ಯಾವ ಯುದ್ಧಕ್ಕೆ ಹೋಯಿತು, ಯಾವಾಗ ಹೆಸರು ಬದಲಾಯಿತು, ಎಲ್ಲ ಇತ್ತು. ಕೆಳಗೆ ಕಾಮೆಂಟುಗಳ ಸುರಿಮಳೆ. ಅದರ ನಡುವೆ ಒಬ್ಬ ಮಹಾಶಯರು ಹೀಗೆ ಬರೆದಿದ್ದರು: ಇಂಥ ಇತಿಹಾಸ ಇರುವ ನಾಡುಗಳು ಮುಂದೆ ಬಂದವು, ನಮ್ಮ ಹೈದರಾಬಾದ್ ಕರ್ನಾಟಕಕ್ಕೆ ಏನಿದೆ? ನಿಜಾಮ, ರಜಾಕಾರ, ಆಮೇಲೆ 371ಜೆ ಕೋಟಾ, ಅಷ್ಟೇ ತಾನೆ?

ಅಲ್ಲೇ ಉತ್ತರ ಬರೆಯಲು ಕೂತೆ. ನಾಲ್ಕು ಸಾಲು ಬರೆದೆ, ಅಳಿಸಿದೆ. ಮತ್ತೆ ಬರೆದೆ. ಕೊನೆಗೆ ಇದು ಕಾಮೆಂಟಿನಲ್ಲಿ ಹಿಡಿಯುವ ಮಾತಲ್ಲ ಅನ್ನಿಸಿ ಇಲ್ಲಿಗೆ ಬಂದೆ.

ನಮ್ಮ ಮನೆಯ ನಕ್ಷೆ ಮೊದಲು ಹೇಳಿಬಿಡ್ತೀನಿ. ನಮ್ಮೂರು ಭೀಮಾ ನದಿಯ ಈಚೆ, ಜೇವರ್ಗಿ ತಾಲೂಕು. ಅವ್ವನ ತವರು ಆಳಂದ ತಾಲೂಕು. ಅಕ್ಕನನ್ನು ಕೊಟ್ಟಿರುವುದು ಅಫಜಲಪುರ ತಾಲೂಕಿಗೆ. ಬೇಸಿಗೆ ರಜೆಯೆಂದರೆ ಈ ಮೂರು ತಾಲೂಕಿನ ಕೆಂಪು ಬಸ್ಸಿನಲ್ಲಿ ಓಡಾಟ. ಎಲ್ಲಿ ಹೋದರೂ ಮುದುಕರ ಬಾಯಲ್ಲಿ ಒಂದು ಪದ ಬರುತ್ತಿತ್ತು: ದಂಡು. "ದಂಡು ಬಂತಂದ್ರ ಹೊಲದಾಗಿನ ಬೆಳಿ ಹೋತು, ಹಟ್ಟ್ಯಾಗಿನ ಕುರಿ ಹೋತು" ಅಂತ ನಮ್ಮ ಮುತ್ಯಾ ಹೇಳುತ್ತಿದ್ದರು. ಯಾವ ದಂಡು ಮುತ್ಯಾ ಅಂದರೆ, "ಯಾವುದಾದರೇನೋ ತಮ್ಮಾ, ರೊಕ್ಕ ಕೊಡಾವ್ರು ನಾವೇ" ಅನ್ನೋರು. ಚಿಕ್ಕವನಿದ್ದಾಗ ಅದು ಮುದುಕರ ಗೊಣಗಾಟ ಅನ್ನಿಸಿತ್ತು. ಪುಸ್ತಕ ಓದಿದ ಮೇಲೆ ಗೊತ್ತಾಯಿತು, ಮುತ್ಯಾ ಹೇಳಿದ್ದು ಎರಡು ನೂರು ವರ್ಷದ ಇತಿಹಾಸದ ಸಾರಾಂಶ.

ಮೊದಲು ಜರ್ಮನಿಯ ಮಾತನ್ನೇ ಮುಗಿಸೋಣ, ಗೆಳೆಯರು ಶುರು ಮಾಡಿದ್ದಾರಲ್ಲ. 1776ರಲ್ಲಿ ಹೆಸ್ಸೆ-ಕಾಸೆಲ್ ಎಂಬ ಜರ್ಮನ್ ಸಂಸ್ಥಾನದ ದೊರೆ ಇಂಗ್ಲೆಂಡಿನ ರಾಜನ ಜೊತೆ ಕರಾರು ಮಾಡಿಕೊಂಡು ತನ್ನ ಪಲ್ಟನ್ನುಗಳನ್ನು ಬಾಡಿಗೆಗೆ ಕೊಟ್ಟ. ಅಮೆರಿಕದವರು ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದಾಗ ಅವರ ಎದುರಿಗೆ ನಿಂತವರಲ್ಲಿ ಹೀಗೆ ಬಾಡಿಗೆಗೆ ಹೋದ ಜರ್ಮನರು, ಎಲ್ಲ ಸಂಸ್ಥಾನಗಳದ್ದೂ ಸೇರಿ, ಸುಮಾರು 30,000 ಮಂದಿ. ಅಷ್ಟು ದೂರ ಯಾಕೆ? ಹ್ಯಾನೋವರ್‌ನಿಂದ 15 ಮತ್ತು 16ನೇ ಕಾಲಾಳು ರೆಜಿಮೆಂಟುಗಳು ಈಸ್ಟ್ ಇಂಡಿಯಾ ಕಂಪನಿಯ ಚಾಕರಿಗೆ ಮದರಾಸಿಗೇ ಬಂದಿದ್ದವು. 1783ರ ಕಡಲೂರಿನ ಕದನದಲ್ಲಿ ಕಂಪನಿಯ ಕಡೆ ಹ್ಯಾನೋವರಿನವರು, ಎದುರಿಗೆ ಫ್ರೆಂಚರು, ಫ್ರೆಂಚರ ಜೊತೆಗೆ ಮೈಸೂರಿನ ಸೈನಿಕರು. ಜರ್ಮನ್ ಬ್ರಿಗೇಡು ಅಂದ ಕೂಡಲೇ ಹಿಟ್ಲರನ ಟ್ಯಾಂಕೇ ನೆನಪಾಗುವ ನಮ್ಮವರಿಗೆ ಇದು ಗೊತ್ತಿರಲಿ.

ನಾನು ಹೇಳೋಕೆ ಹೊರಟಿದ್ದು ಇಷ್ಟೇ. ಯಾವುದೇ ದಂಡಿಗೆ ಎರಡು ಪುಸ್ತಕ ಇರುತ್ತವೆ. ಒಂದು ಗೆದ್ದ ಯುದ್ಧಗಳ ಪುಸ್ತಕ. ಇನ್ನೊಂದು ಪಗಾರದ ಪುಸ್ತಕ. ನಾವು ಬ್ಲಾಗಿನಲ್ಲಿ ಓದಿ ಚಪ್ಪಾಳೆ ತಟ್ಟುವುದು ಮೊದಲನೆಯದಕ್ಕೆ. ನಮ್ಮ ಭಾಗದ ಇತಿಹಾಸ ಇರುವುದು ಎರಡನೆಯದರಲ್ಲಿ. ಅದನ್ನು ಯಾರೂ ತೆರೆಯದೆ, ನಿಮಗೆ ಇತಿಹಾಸವೇ ಇಲ್ಲ ಅಂದರೆ ಸಿಟ್ಟು ಬರಲ್ವಾ?

ಸರಿ, ತೆರೆಯೋಣ.

1800ರ ಅಕ್ಟೋಬರ್ 12ರಂದು ಹೈದರಾಬಾದಿನ ನಿಜಾಮನಿಗೂ ಕಂಪನಿಗೂ ಒಪ್ಪಂದವಾಯಿತು. ಕಂಪನಿಯ ಸಹಾಯಕ ಸೈನ್ಯ ನಿಜಾಮನ ರಾಜ್ಯದಲ್ಲಿ ಇರಬೇಕು, ಅದರ ಖರ್ಚಿಗೆ ನಿಜಾಮ ನೆಲ ಕೊಡಬೇಕು. ಯಾವ ನೆಲ? 1792ರಲ್ಲಿ ಮತ್ತು 1799ರಲ್ಲಿ ಟಿಪ್ಪುವಿನಿಂದ ಕಿತ್ತುಕೊಂಡ ನೆಲದಲ್ಲಿ ನಿಜಾಮನ ಪಾಲಿಗೆ ಬಂದಿದ್ದು. ಬಳ್ಳಾರಿ, ಅನಂತಪುರ, ಕಡಪ ಎಲ್ಲ ಹಾಗೆ ಮದರಾಸಿನ ಕೈ ಸೇರಿದವು. ಬಳ್ಳಾರಿಯವರು ಮದರಾಸು ಪ್ರಾಂತ್ಯದಲ್ಲಿ ಒಂದೂವರೆ ಶತಮಾನ ಕಳೆದು 1953ರಲ್ಲಿ ಮೈಸೂರಿಗೆ ಸೇರಿದ ಕಥೆ ಎಲ್ಲರಿಗೂ ಗೊತ್ತು. ಆ ಅಗಲಿಕೆಯ ಮೂಲದಲ್ಲಿ ಇದ್ದದ್ದು ಒಂದು ದಂಡಿನ ಪಗಾರ ಅನ್ನುವುದನ್ನು ಎಷ್ಟು ಜನ ಹೇಳುತ್ತಾರೆ?

ಅಲ್ಲಿಗೆ ಮುಗಿಯಲಿಲ್ಲ. ಯುದ್ಧ ಬಂದಾಗ ನಿಜಾಮ ತನ್ನ ಕಡೆಯಿಂದ 6,000 ಕಾಲಾಳು, 9,000 ಕುದುರೆ ಕಳಿಸಬೇಕು ಎಂಬ ಕರಾರೂ ಇತ್ತು. ಗಮನಿಸಿ, ಯುದ್ಧ ಬಂದಾಗ. 1811ರಲ್ಲಿ ಹೆನ್ರಿ ರಸೆಲ್ ಎಂಬಾತ ಹೈದರಾಬಾದಿಗೆ ರೆಸಿಡೆಂಟ್ ಆಗಿ ಬಂದ. ನಿಜಾಮನ ಸಿಪಾಯಿಗಳು ಶಿಸ್ತಿಲ್ಲದವರು, ಅವರನ್ನು ಕಂಪನಿಯ ಪಲ್ಟನ್ನಿನ ಹಾಗೆ ತಿದ್ದಬೇಕು ಅಂದ. 1813ರಲ್ಲಿ ಎರಡು ಬೆಟಾಲಿಯನ್ ಕಟ್ಟಿಸಿದ. ಅದಕ್ಕೆ ತನ್ನ ಹೆಸರನ್ನೇ ಇಟ್ಟರು: ರಸೆಲ್ ಬ್ರಿಗೇಡ್.

ಜರ್ಮನ್ ಬ್ರಿಗೇಡು ಬ್ರಿಗೇಡು ಅಂತ ಕುಣಿಯುವವರಿಗೆ ಇದೋ ನಮ್ಮ ಬ್ರಿಗೇಡು! ಬಂದೂಕು, ಕೋಟು, ಕವಾಯತು ಎಲ್ಲ ಕಂಪನಿಯ ಮಾದರಿ. ಅಧಿಕಾರಿಗಳು ಬ್ರಿಟಿಷರು. ಸಿಪಾಯಿಗಳಲ್ಲಿ ಹೆಚ್ಚಿನವರು ಉತ್ತರದ ಅವಧ್ ಮುಂತಾದ ಕಡೆಯವರು. ಹುಕುಂ ರೆಸಿಡೆಂಟನದು. ಪಗಾರ ಮಾತ್ರ ನಿಜಾಮನದು. ನಿಜಾಮನದು ಅಂದರೆ ಯಾರದು? ನಿಜಾಮ ಎತ್ತು ಹೂಡಿ ಜೋಳ ಬೆಳೆಯುತ್ತಿರಲಿಲ್ಲವಲ್ಲ.

1817ರ ಡಿಸೆಂಬರಿನಲ್ಲಿ ಈ ಬ್ರಿಗೇಡು ಮಾಳವದ ಮಹೀದ್‌ಪುರದಲ್ಲಿ ಹೋಳ್ಕರರ ವಿರುದ್ಧ ಹೋರಾಡಿತು. ಅದರ ಗೌರವ ಪಲ್ಟನ್ನಿನ ಧ್ವಜದ ಮೇಲೆ ಬಂತು. ಹೋಳ್ಕರರಿಗೂ ನಮ್ಮ ಆಳಂದದ ರೈತನಿಗೂ ಏನು ಜಗಳವಿತ್ತೋ ಆ ಭೀಮೆಗೇ ಗೊತ್ತು. ಬ್ರಿಗೇಡು ಬೆಳೆಯುತ್ತಾ ಹೋಗಿ ಹೈದರಾಬಾದ್ ಕಂಟಿಂಜೆಂಟ್ ಎಂಬ ದೊಡ್ಡ ಸೈನ್ಯದ ಭಾಗವಾಯಿತು. ಬೊಲಾರಂ, ಔರಂಗಾಬಾದ್, ಎಲಿಚ್‌ಪುರ, ಹಿಂಗೋಲಿ, ನಮ್ಮ ಲಿಂಗಸುಗೂರು, ಹೀಗೆ ಊರೂರಲ್ಲಿ ಅದರ ಠಾಣ್ಯ.

ದುಡ್ಡು ಎಲ್ಲಿಂದ? ಖಜಾನೆಯಲ್ಲಿ ಇರಲಿಲ್ಲ. ಆಡಳಿತ ನಡೆಸುತ್ತಿದ್ದ ಚಂದೂಲಾಲ್ ಸಾಲ ಮಾಡಿದ. 1814ರಲ್ಲಿ ಶುರುವಾದ ವಿಲಿಯಂ ಪಾಮರನ ಪಾಮರ್ ಅಂಡ್ ಕಂಪನಿ ಎಂಬ ಲೇವಾದೇವಿ ಮನೆ ಶೇಕಡಾ 24, 25ರ ಬಡ್ಡಿಗೆ ಸಾಲ ಕೊಟ್ಟಿತು. ಕೊಟ್ಟ ಸಾಲದಲ್ಲಿ ದಂಡಿನ ಪಗಾರದ ಬಾಬ್ತೂ ಸೇರಿತ್ತು. ರಸೆಲ್‌ನ ನಂತರ ಬಂದ ರೆಸಿಡೆಂಟ್ ಮೆಟ್‌ಕಾಫ್ ಈ ಅವ್ಯವಹಾರದ ವಿರುದ್ಧ ಬರೆದ. ಕೊನೆಗೆ ಆ ಸಾಲ ತೀರಿಸಲು ಏನು ಮಾಡಿದರು ಗೊತ್ತೇ? ಉತ್ತರ ಸರ್ಕಾರುಗಳ ಕರಾವಳಿ ಜಿಲ್ಲೆಗಳಿಗಾಗಿ ಕಂಪನಿ ನಿಜಾಮನಿಗೆ ವರ್ಷಕ್ಕೆ 7 ಲಕ್ಷ ರೂಪಾಯಿ ಕೊಡುತ್ತಿತ್ತು. ಅದನ್ನು ಶಾಶ್ವತವಾಗಿ ಬಿಟ್ಟುಕೊಡಿಸಿ, ಬದಲಿಗೆ ಒಂದೇ ಸಲ ಸುಮಾರು 1 ಕೋಟಿ 16 ಲಕ್ಷ ಕೊಟ್ಟು ಪಾಮರನ ಬಾಕಿ ಚುಕ್ತಾ ಮಾಡಿದರು. ಒಂದು ಕೈಯಲ್ಲಿ ಸಾಲ, ಇನ್ನೊಂದು ಕೈಯಲ್ಲಿ ವಸೂಲಿ. ನಮ್ಮ ಕಡೆ ಸಾವಕಾರರು ಇದನ್ನು ನೋಡಿಯೇ ಕಲಿತಿರಬೇಕು.

ಇನ್ನು 1853. ನನ್ನ ಪ್ರಕಾರ ನಮ್ಮ ಭಾಗದ ಮಕ್ಕಳಿಗೆ ಶಾಲೆಯಲ್ಲಿ ಬಾಯಿಪಾಠ ಮಾಡಿಸಬೇಕಾದ ವರ್ಷ ಇದು. ಕಂಟಿಂಜೆಂಟಿನ ಪಗಾರದ ಬಾಕಿ ಕಂಪನಿಯ ಲೆಕ್ಕದಲ್ಲಿ ಬೆಳೆದು ಬೆಳೆದು 50 ಲಕ್ಷದ ಹತ್ತಿರ ಬಂದಿತ್ತು. ಶಾಂತಿಕಾಲದಲ್ಲಿ ಈ ದಂಡನ್ನು ನಿಜಾಮ ಸಾಕಲೇಬೇಕು ಅಂತ 1800ರ ಒಪ್ಪಂದದಲ್ಲಿ ಇಲ್ಲ ಅನ್ನುವುದನ್ನು ಗವರ್ನರ್ ಜನರಲ್ ಡಾಲ್‌ಹೌಸಿಯೇ ಒಪ್ಪಿಕೊಂಡಿದ್ದ. ಒಪ್ಪಿಕೊಂಡರೂ ಬಾಕಿ ಬಿಡಲಿಲ್ಲ. ಮೇ 21ರಂದು ಹೊಸ ಒಪ್ಪಂದವಾಯಿತು. 5,000ಕ್ಕೆ ಕಡಿಮೆಯಿಲ್ಲದ ಕಾಲಾಳು, 2,000 ಕುದುರೆ ಸವಾರರು, ನಾಲ್ಕು ತೋಪಿನ ಬ್ಯಾಟರಿಗಳು, ಇಷ್ಟನ್ನು ಕಾಯಂ ಇಡಬೇಕು. ಅದರ ಖರ್ಚಿಗೆ ಬಿರಾರ್ ಪ್ರಾಂತ್ಯ, ನಳದುರ್ಗದ ಸೀಮೆ, ರಾಯಚೂರು ದೋಆಬ್ ಬ್ರಿಟಿಷರ ವಶಕ್ಕೆ. ಸಹಿ ಬಿದ್ದ ಕೆಲವೇ ದಿನಗಳಲ್ಲಿ ದಿವಾನ ಸಿರಾಜ್ ಉಲ್ ಮುಲ್ಕ್ ತೀರಿಕೊಂಡ.

ನಕ್ಷೆ ತೆಗೆದು ನೋಡಿ. ನಳದುರ್ಗ ಆಳಂದದಿಂದ ವಾಯವ್ಯಕ್ಕೆ, ನೇರ ಲೆಕ್ಕದಲ್ಲಿ ನಲವತ್ತು ಕಿಲೋಮೀಟರಿನ ಆಸುಪಾಸು. ಜೇವರ್ಗಿಯಿಂದ ದಕ್ಷಿಣಕ್ಕೆ ಶಹಾಪುರ, ಸುರಪುರ ದಾಟಿ ಕೃಷ್ಣೆ ದಾಟಿದರೆ ರಾಯಚೂರು ದೋಆಬಿನ ಲಿಂಗಸುಗೂರು. ಅಂದರೆ ನಮ್ಮ ಮೇಲೂ ಕೆಳಗೂ ನೆಲ ಒತ್ತೆ ಹೋಯಿತು. ಹೆಸ್ಸೆಯ ದೊರೆ ದಂಡನ್ನು ಬಾಡಿಗೆಗೆ ಕೊಟ್ಟು ದುಡ್ಡು ಎಣಿಸಿಕೊಂಡ. ನಿಜಾಮ ದಂಡಿಗೆ ದುಡ್ಡೂ ಕೊಟ್ಟ, ನೆಲವನ್ನೂ ಕೊಟ್ಟ, ಹುಕುಮನ್ನೂ ಬಿಟ್ಟುಕೊಟ್ಟ. ಬೇರೆಯವರ ಹೊಲ ಉಳುವ ಎತ್ತಿಗೆ ಮೇವು ಹಾಕೋಕೆ ನಮ್ಮ ಹೊಲ ಒತ್ತೆ ಇಟ್ಟ ಹಾಗೆ.

ಆ ಎತ್ತು ನಮ್ಮ ಮೇಲೇ ತಿರುಗಿದ್ದೂ ಉಂಟು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ದಂಡು ಬಂತು. ಕ್ಯಾಪ್ಟನ್ ವಿಂಡಂನ ಕೈಕೆಳಗೆ ಲಿಂಗಸುಗೂರಿನಿಂದ ಬಂದದ್ದು ಇದೇ ಕಂಟಿಂಜೆಂಟ್. ಜೊತೆಗೆ ಮದರಾಸಿನ ಪಡೆಗಳೂ ಸೇರಿದವು. ಫೆಬ್ರವರಿ 8ರ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜ ಹೈದರಾಬಾದಿಗೆ ಹೋಗಿ ಸೆರೆಸಿಕ್ಕ. ಶಿಕ್ಷೆಯಾಗಿ ಮದರಾಸಿನ ಕಡೆ ಸಾಗಿಸುವಾಗ ದಾರಿಯಲ್ಲಿ ಗುಂಡೇಟಿನಿಂದ ತೀರಿಕೊಂಡ. ತಾನೇ ಹೊಡೆದುಕೊಂಡ ಅಂತ ಇಂಗ್ಲಿಷರು ಬರೆದರು. ಸುರಪುರದ ಜನ ಅದನ್ನು ಇವತ್ತಿಗೂ ಸುಲಭಕ್ಕೆ ಒಪ್ಪುವುದಿಲ್ಲ. ಸುರಪುರದ ರಾಜನನ್ನು ಚಿಕ್ಕಂದಿನಿಂದ ಬಲ್ಲ ಮೆಡೋಸ್ ಟೇಲರನೂ ನಿಜಾಮನ ಚಾಕರಿಗೆ ಸೇರಿ ಮೇಲೆ ಬಂದ ಅಧಿಕಾರಿಯೇ. 1853ರಲ್ಲಿ ಒತ್ತೆ ಹೋದ ನಳದುರ್ಗಕ್ಕೆ ಮೊದಲ ಬ್ರಿಟಿಷ್ ಅಧಿಕಾರಿಯಾಗಿ ಹೋದವನೂ ಅವನೇ. ಆತ ಒಳ್ಳೆಯವನಿದ್ದ, ಕೆರೆ ಕಟ್ಟಿಸಿದ, ರಸ್ತೆ ಮಾಡಿಸಿದ ಅನ್ನುತ್ತಾರೆ. ಇರಲಿ. ನಾನು ಮಾತಾಡುತ್ತಿರುವುದು ಒಬ್ಬನ ಒಳ್ಳೆಯತನದ ಬಗ್ಗೆ ಅಲ್ಲ, ಲೆಕ್ಕದ ಬಗ್ಗೆ. 1857ರ ದಂಗೆಯಲ್ಲಿ ಬ್ರಿಟಿಷರ ಪರ ನಿಂತಿದ್ದಕ್ಕೆ 1860ರಲ್ಲಿ ನಿಜಾಮನಿಗೆ ರಾಯಚೂರು ದೋಆಬ್, ನಳದುರ್ಗ ಸೀಮೆ ವಾಪಸ್ ಸಿಕ್ಕವು, 50 ಲಕ್ಷದ ಬಾಕಿ ಮನ್ನಾ ಆಯಿತು, ಸುರಪುರವೂ ಬಹುಮಾನವಾಗಿ ಬಂತು. ಬಿರಾರ್ ಬರಲಿಲ್ಲ. 1902ರಲ್ಲಿ ವರ್ಷಕ್ಕೆ 25 ಲಕ್ಷಕ್ಕೆ ಅದು ಕಾಯಂ ಗುತ್ತಿಗೆಗೆ ಹೋಯಿತು.

ಈಗ ನೀವು ಕೇಳಬಹುದು, ಒತ್ತೆ ಹೋಗಿದ್ದು ಅತ್ತ ಇತ್ತ, ನಿಮ್ಮ ಆಳಂದ ಅಫಜಲಪುರಕ್ಕೆ ಏನಾಯಿತು ಅಂತ. ಅಲ್ಲಿ ಇನ್ನೊಂದು ದಂಡಿನ ಕಥೆ. ಈ ಎರಡೂ ಪೈಗಾ ತಾಲೂಕುಗಳು. ಪೈಗಾ ಅಂದರೆ ನಿಜಾಮನ ಖಾಸಾ ಪಡೆ ಸಾಕುವುದಕ್ಕಾಗಿ ಶಂಸ್ ಉಲ್ ಉಮರಾ ಮನೆತನಕ್ಕೆ ಉಂಬಳಿ ಬಿಟ್ಟ ಸೀಮೆ. ಹೆಸರಿನಲ್ಲೇ ಕುದುರೆ ಲಾಯ ಇದೆ. ಕಂದಾಯ ಪೈಗಾದ ಕಚೇರಿಗೆ, ನ್ಯಾಯ ಪೈಗಾದ ಕೋರ್ಟಿನಲ್ಲಿ. ದಂಡಿನ ಕೆಲಸ ಕಡಿಮೆಯಾಗುತ್ತಾ ಬಂತು, ಉಂಬಳಿ ಮಾತ್ರ ಹಾಗೇ ಉಳಿಯಿತು. ಹೈದರಾಬಾದಿನ ಫಲಕ್‌ನುಮಾ ಅರಮನೆ ನೋಡಿ ಬಂದು ಫೋಟೋ ಹಾಕುತ್ತೀರಲ್ಲ, ಅದನ್ನು ಕಟ್ಟಿಸಿದವರು ಪೈಗಾ ಮನೆತನದ ವಿಕಾರ್ ಉಲ್ ಉಮರಾ. ಆ ಫೋಟೋಕ್ಕೆ ಲೈಕ್ ಒತ್ತುವಾಗ ಪೈಗಾ ಸೀಮೆಯ ಜೋಳದ ಹೊಲಗಳನ್ನೂ ಸ್ವಲ್ಪ ನೆನೆಯಿರಿ. 1949ರಲ್ಲಿ ಜಾಗೀರು ರದ್ದಾಗುವ ತನಕ ಇದು ನಡೆಯಿತು. ಅವ್ವನ ತವರಿನ ಹಿರಿಯರಿಗೆ ಅದು ಇತಿಹಾಸವಲ್ಲ, ನೆನಪು.

ಎದುರು ವಾದಗಳು ಬರುತ್ತವೆ ಅಂತ ಗೊತ್ತು. ಒಂದೊಂದಾಗಿ ನೋಡೋಣ.

ಒಂದು: ದಂಡು ಇಲ್ಲದಿದ್ದರೆ ನಾಡಿಗೆ ರಕ್ಷಣೆ ಹೇಗೆ? ಅರಬರು, ರೋಹಿಲ್ಲರು ಲೂಟಿ ಮಾಡುತ್ತಿರಲಿಲ್ಲವೇ? ಮಾಡುತ್ತಿದ್ದರು, ನಿಜ. ಆದರೆ ಆ ಅರಬರೂ ರೋಹಿಲ್ಲರೂ ಎಲ್ಲಿಂದ ಬಂದರು? ಅವರೂ ದಂಡಿನ ಚಾಕರಿಗೆ ಬಂದವರೇ. ಪಗಾರ ಬಾಕಿ ಉಳಿದಾಗ ಹಳ್ಳಿಗಳ ಕಂದಾಯವನ್ನೇ ಒತ್ತೆ ಹಿಡಿದು ಕೂತವರು. ಒಂದು ದಂಡಿನ ಕಾಟ ತಡೆಯಲು ಇನ್ನೊಂದು ದಂಡು, ಎರಡರ ಖರ್ಚೂ ರೈತನಿಗೆ. ಇದಕ್ಕೆ ರಕ್ಷಣೆ ಅನ್ನುವುದಾದರೆ ಅನ್ನಿ.

ಎರಡು: ಎಲ್ಲ ರಾಜರೂ ಕಂದಾಯ ಹಾಕಿ ಸೈನ್ಯ ಸಾಕಿದವರೇ, ನಿಜಾಮನೊಬ್ಬನೇ ಏನಲ್ಲ. ಸರಿ. ಮೈಸೂರೂ ಕಂಪನಿಗೆ ವರ್ಷ ವರ್ಷ ಪೊಗದಿ ಕೊಟ್ಟಿತು. ಒಪ್ಪಿದೆ. ಆದರೆ ಮೈಸೂರಿನ ಆ ಲೆಕ್ಕ ನಾವು ಓದಿದ್ದೇವೆ, ವಾದ ಮಾಡಿದ್ದೇವೆ, ಪುಸ್ತಕಗಳಿವೆ. ನಮ್ಮ ಕಡೆಯದು ಗೆಜೆಟಿಯರಿನ ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ಅಷ್ಟಕ್ಕೂ, ತನ್ನ ಮಾತು ಕೇಳದ ಸೈನ್ಯಕ್ಕೆ ಪಗಾರ ಕೊಡುವುದು ಬೇರೆಯೇ ಬಗೆಯ ದಂಡ.

ಮೂರು: ಯೋಧರಿಗೆ ಅವಮಾನ ಮಾಡುತ್ತಿದ್ದೀರಿ. ಇಲ್ಲ ಸ್ವಾಮಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ರಸೆಲ್ ಬ್ರಿಗೇಡು ಸತ್ತಿಲ್ಲ, ಹೆಸರು ಬದಲಾಗಿದೆ. 1903ರಲ್ಲಿ ಕಂಟಿಂಜೆಂಟ್ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಸೇರಿದಾಗ ರಸೆಲ್‌ನ ಎರಡು ಪಲ್ಟನ್ನುಗಳು 94 ಮತ್ತು 95ನೇ ರಸೆಲ್ಸ್ ಇನ್‌ಫೆಂಟ್ರಿ ಆದವು. 1922ರಲ್ಲಿ ಕಂಟಿಂಜೆಂಟಿನ ಪಲ್ಟನ್ನುಗಳೆಲ್ಲ ಸೇರಿ 19ನೇ ಹೈದರಾಬಾದ್ ರೆಜಿಮೆಂಟ್ ಆಯಿತು. 1945ರಲ್ಲಿ ಅದೇ ಕುಮಾವೂನ್ ರೆಜಿಮೆಂಟ್ ಆಯಿತು. ಹೌದು, 1947ರಲ್ಲಿ ಬಡಗಾಂನಲ್ಲಿ ಮೇಜರ್ ಸೋಮನಾಥ ಶರ್ಮಾ, 1962ರಲ್ಲಿ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಪ್ರಾಣ ಕೊಟ್ಟ ಅದೇ ಕುಮಾವೂನ್. ನಮ್ಮ ಕೊಡಗಿನ ತಿಮ್ಮಯ್ಯನವರು 1926ರಲ್ಲಿ ಅಧಿಕಾರಿಯಾದ ಮೇಲೆ ಸೇರಿದ್ದು ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ನಿಗೆ. ಎರಡನೇ ಮಹಾಯುದ್ಧದಲ್ಲಿ ಅರಕಾನಿನಲ್ಲಿ 8ನೇ ಬೆಟಾಲಿಯನ್ನನ್ನು ನಡೆಸಿದರು. ಆಮೇಲೆ ಅಲ್ಲೇ ಒಂದು ಇಡೀ ಕಾಲಾಳು ಬ್ರಿಗೇಡನ್ನೇ ಯುದ್ಧದಲ್ಲಿ ಮುನ್ನಡೆಸಿದರು. 1957ರಿಂದ 61ರವರೆಗೆ ದೇಶದ ಸೇನಾ ಮುಖ್ಯಸ್ಥರು. ಇವರಿಗೆಲ್ಲ ತಲೆ ಬಾಗದವನು ಮನುಷ್ಯನೇ ಅಲ್ಲ.

ಆದರೆ ಒಂದು ಕಡೆ ಗಮನ ಕೊಡಿ. ಹೆಸರು ಹೈದರಾಬಾದ್ ರೆಜಿಮೆಂಟ್. ಅದರಲ್ಲಿ ಸಿಪಾಯಿಗಳಾಗಿ ತೆಗೆದುಕೊಳ್ಳುತ್ತಿದ್ದದ್ದು ಮುಖ್ಯವಾಗಿ ಕುಮಾವೂನಿಗಳು, ಜಾಟರು, ಅಹೀರರು. ಕಾದುವ ಜಾತಿ, ಕಾದದ ಜಾತಿ ಅಂತ ಬ್ರಿಟಿಷರು ಮನುಷ್ಯರನ್ನು ವಿಂಗಡಿಸಿದ ಕಾಲ ಅದು. ಆ ವಿಂಗಡಣೆಯಲ್ಲಿ ಜೇವರ್ಗಿಯ ಬೇಡರಾಗಲಿ, ಆಳಂದದ ಕುರುಬರಾಗಲಿ, ಅಫಜಲಪುರದ ಹೊಲೆಯ ಮಾದಿಗರಾಗಲಿ ಲೆಕ್ಕಕ್ಕೆ ಬರಲಿಲ್ಲ. ಪಗಾರ ಕೊಟ್ಟು ಬೆಳೆಸುವಾಗ ನಮ್ಮ ಹೊಲ ಬೇಕಿತ್ತು, ಪಗಾರ ತೆಗೆದುಕೊಳ್ಳುವ ಸರದಿ ಬಂದಾಗ ನಾವು ಬೇಡವಾದೆವು. 1945ರಲ್ಲಿ ಹೆಸರು ಬದಲಾಗಿದ್ದು ನ್ಯಾಯವೇ, ಅದು ಕುಮಾವೂನಿಗಳ ರಕ್ತದ ಗಳಿಕೆ. ನನ್ನ ತಕರಾರು ಅವರ ಮೇಲೆ ಅಲ್ಲವೇ ಅಲ್ಲ. ರೆಜಿಮೆಂಟಿನ ಪುಸ್ತಕದಲ್ಲಿ ಸತ್ತವರ ಹೆಸರಿದೆ, ಇರಬೇಕು. ಸಾಕಿದವರ ಬಗ್ಗೆಯೂ ಒಂದು ಪುಟ ಇರಲಿ ಅನ್ನುತ್ತಿದ್ದೇನೆ, ಅಷ್ಟೇ.

ನಾಲ್ಕನೆಯದು, ನನಗೆ ಹೆಚ್ಚು ನೋವು ತರುವ ವಾದ: ಇದೆಲ್ಲ ಹಳೇದು, ನಿಮ್ಮ ಇತಿಹಾಸ ಅಂದರೆ 1948. ನಮ್ಮ ಭಾಗದ ಇತಿಹಾಸವನ್ನು ಸೆಪ್ಟೆಂಬರಿನ ಐದು ದಿನಕ್ಕೆ ಇಳಿಸಿಬಿಟ್ಟಿದ್ದಾರೆ. 13ರಂದು ಭಾರತದ ಸೈನ್ಯ ಸೊಲ್ಲಾಪುರದ ದಾರಿಯಿಂದ ಒಳಗೆ ಬಂದಾಗ ಮೊದಲ ಕಾದಾಟ ನಡೆದದ್ದು ಎಲ್ಲಿ ಗೊತ್ತೇ? ನಳದುರ್ಗದಲ್ಲಿ. ಪಗಾರದ ಬಾಕಿಗೆ 1853ರಲ್ಲಿ ಒತ್ತೆ ಹೋಗಿ ಬಂದ ಅದೇ ನಳದುರ್ಗ. 18ರಂದು ನಿಜಾಮನ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದರು. ರಜಾಕಾರರ ಹಾವಳಿಯ ಕಥೆ ನಮ್ಮ ಮನೆಗಳಲ್ಲೂ ಇದೆ, ಅದನ್ನು ಯಾರೂ ಅಳಿಸಬೇಕಿಲ್ಲ. ಅದರ ಬೆನ್ನಿಗೇ ನಡೆದದ್ದೂ ಇದೆ. ಪಂಡಿತ ಸುಂದರಲಾಲರ ಸಮಿತಿ ಬಂದು ನೋಡಿ, ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೂ ಆಮೇಲೂ ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬೇಕು ಅಂತ ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗವೂ ಒಂದು, ಬೀದರೂ ಒಂದು. ಆ ವರದಿ ಸಾಮಾನ್ಯರ ಕಣ್ಣಿಗೆ ಬೀಳಲು 2013 ಬರಬೇಕಾಯಿತು. ಲಾಡ್ಲೇ ಮಶಾಕರ ದರ್ಗಾಕ್ಕೆ ಎಲ್ಲ ಜಾತಿಯವರೂ ನಡೆದುಕೊಳ್ಳುವ ಆಳಂದ ನಮ್ಮದು. ಅಲ್ಲಿ ನಿಂತು ಒಂದೇ ಕಡೆಯ ಹೆಣ ಎಣಿಸೋಕೆ ನನ್ನಿಂದ ಆಗಲ್ಲ.

1948ನ್ನೇ ಹಿಡಿದು ಜಗಳ ಆಡುವ ಎರಡೂ ಕಡೆಯವರಿಗೆ ನನ್ನ ಮಾತು ಒಂದೇ. ಅದರ ಹಿಂದಿನ ನೂರಾ ಐವತ್ತು ವರ್ಷದ ಪಗಾರದ ಪುಸ್ತಕ ತೆರೆಯಿರಿ. ಅದರಲ್ಲಿ ಆಳಂದದ ಹಿಂದೂ ರೈತನೂ ಮುಸ್ಲಿಂ ರೈತನೂ ಒಂದೇ ಕಾಲಮ್ಮಿನಲ್ಲಿ ಸಿಗುತ್ತಾರೆ. ಜಮಾ ಕಾಲಮ್ಮಿನಲ್ಲಿ. ಖರ್ಚಿನ ಕಾಲಮ್ಮಿನಲ್ಲಿ ರಸೆಲ್ ಇದ್ದಾನೆ, ಪಾಮರ್ ಇದ್ದಾನೆ, ಚಂದೂಲಾಲ್ ಇದ್ದಾನೆ, ಪೈಗಾದ ನವಾಬರಿದ್ದಾರೆ. ಇಲ್ಲಿ ಜಾತಿ ಧರ್ಮದ ಲೆಕ್ಕ ಕೂಡುವುದಿಲ್ಲ, ರೊಕ್ಕದ ಲೆಕ್ಕ ಕೂಡುತ್ತದೆ.

ಇದನ್ನೆಲ್ಲ ಈಗ ಯಾಕೆ ಕೆದಕುತ್ತೀ ಅಂತ ಕೇಳಿದರೆ ಒಂದು ಸ್ವಂತದ ಮಾತು ಹೇಳುತ್ತೇನೆ. ಬೆಂಗಳೂರಿಗೆ ಬಂದ ಹೊಸತು. ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ಜೊತೆಯವನೊಬ್ಬ ನಗುತ್ತಲೇ ಅಂದ: "ನಿಮ್ಮ ಕಡೆಯವರು ದುಡಿಯಲ್ಲ, ಅದಕ್ಕೇ ಹಿಂದುಳಿದಿದ್ದೀರಿ. ಈಗ ಕೋಟಾ ಬೇರೆ." ನಾನೂ ನಕ್ಕೆ. ಬೆಪ್ಪನ ಹಾಗೆ ನಕ್ಕೆ. ಕೊಡೋಕೆ ಉತ್ತರ ಇರಲಿಲ್ಲ. ನನ್ನ ಅಪ್ಪ ತೊಗರಿ ಹೊಲದಲ್ಲಿ ಬೆನ್ನು ಬಗ್ಗಿಸಿ ಬಗ್ಗಿಸಿ ನೆಟ್ಟಗೆ ನಿಲ್ಲಲಾರದೆ ಹೋದವರು, ಅವರ ಮಗ ಅಲ್ಲಿ ಕೂತು ನಕ್ಕಿದ್ದ. ಆ ನಗು ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಇವತ್ತು ಉತ್ತರ ಇದೆ. ನಮ್ಮ ಹಿಂದುಳಿಯುವಿಕೆಗೆ ಒಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಮಳೆ ಕಡಿಮೆ, ಬರ ಹೆಚ್ಚು, ಉರ್ದುವಿನ ಆಡಳಿತದಲ್ಲಿ ಕನ್ನಡದ ಶಾಲೆಗಳಿಗೆ ಬಂದ ಗತಿ, 1956ರ ನಂತರ ನಮ್ಮವರೇ ಆಳಿದ ದಶಕಗಳ ಉದಾಸೀನ, ನಮ್ಮದೇ ಗೌಡಕಿ ಶಾನಭೋಗಿಕೆ, ಎಲ್ಲ ಇವೆ. ನಮ್ಮ ರಾಜಕಾರಣಿಗಳು ನಿಜಾಮನನ್ನು ಬೈದು ತಮ್ಮ ಪಾಲಿನ ತಪ್ಪು ಮುಚ್ಚಿಕೊಳ್ಳುವುದೂ ಗೊತ್ತು. ಆದರೆ ದುಡಿಯಲಿಲ್ಲ ಅನ್ನುವ ಮಾತು ಮಾತ್ರ ಶುದ್ಧ ಸುಳ್ಳು. ದುಡಿದೆವು. ದುಡಿದದ್ದು ಕೆರೆಯಾಗಿ, ಶಾಲೆಯಾಗಿ, ಕಾಲುವೆಯಾಗಿ ನಿಲ್ಲಬೇಕಿದ್ದ ಕಾಲದಲ್ಲಿ ಕವಾಯತಾಗಿ, ಬಡ್ಡಿಯಾಗಿ, ಅರಮನೆಯಾಗಿ ಹೋಯಿತು. 2012ರಲ್ಲಿ ಸಂಸತ್ತು 371ಜೆ ಒಪ್ಪಿ, ಮರುವರ್ಷ ಅದು ಜಾರಿಗೆ ಬಂದಾಗ ಕೆಲವರಿಗೆ ಅದು ಭಿಕ್ಷೆಯಂತೆ ಕಂಡಿತು. ಹಳೇ ಬಾಕಿಯಲ್ಲಿ ಒಂದು ಕಂತು ಅಂತ ತಿಳಿಯಿರಿ. 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರು ಬದಲಾಯಿಸಿದರು. ಹೆಸರು ಬದಲಾದರೆ ಬಾಕಿ ಚುಕ್ತಾ ಆಗಲ್ಲ ಅನ್ನುವುದನ್ನು ನಮಗೆ ಆ ದಂಡಿನ ಕಥೆಯೇ ಕಲಿಸಿದೆ.

ಬೆಂಗಳೂರಿನಲ್ಲಿ ಒಂದು ರೈಲ್ವೆ ಸ್ಟೇಷನ್ನಿದೆ. ಬೋರ್ಡಿನ ಮೇಲೆ ಕನ್ನಡದಲ್ಲಿ ಬೆಂಗಳೂರು ದಂಡು ಅಂತ ಬರೆದಿರುತ್ತದೆ. ಕಲಬುರಗಿಗೆ ಹೋಗುವಾಗ ಆ ಬೋರ್ಡು ಕಂಡಾಗೆಲ್ಲ ಮುತ್ಯಾ ನೆನಪಾಗುತ್ತಾರೆ. ದಂಡು, ದಂಡ, ಎರಡಕ್ಕೂ ಒಂದು ಕೊಂಬಿನಷ್ಟೇ ವ್ಯತ್ಯಾಸ.

ಕೊನೆಗೊಂದು ಕೋರಿಕೆ. ಜರ್ಮನ್ ಬ್ರಿಗೇಡಿನ ಬಗ್ಗೆ ಬರೆದ ಗೆಳೆಯರ ಮೇಲೆ ನನಗೆ ಬೇಸರವಿಲ್ಲ, ಇನ್ನೂ ಬರೆಯಲಿ. ಆದರೆ ಆಳಂದ, ಅಫಜಲಪುರ, ಜೇವರ್ಗಿ, ಲಿಂಗಸುಗೂರು, ಸುರಪುರ ಕಡೆಯ ಬ್ಲಾಗಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ಊರಿಗೆ ಹೋದಾಗ ಹಿರಿಯರ ಹತ್ತಿರ ಕೂತು ದಂಡಿನ ಬಗ್ಗೆ, ಪೈಗಾದ ಕಚೇರಿಯ ಬಗ್ಗೆ ಕೇಳಿ. ಅಟ್ಟದ ಮೇಲೆ ಹಳೇ ಪಹಣಿ, ಕಂದಾಯದ ರಸೀದಿ, ಉರ್ದುವಿನಲ್ಲೋ ಮೋಡಿಯಲ್ಲೋ ಬರೆದ ಕಾಗದ ಇದ್ದರೆ ಗೆದ್ದಲಿಗೆ ಬಿಡದೆ ಒಂದು ಫೋಟೋ ತೆಗೆದಿಡಿ. ಓದೋಕೆ ಬಾರದಿದ್ದರೆ ಓದುವವರನ್ನು ಹುಡುಕೋಣ. ನನ್ನ ಬರಹದಲ್ಲಿ ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ, ತಿದ್ದಿಕೊಳ್ಳುತ್ತೇನೆ.

ಬೈಯುವವರಿಗೂ ಕಾಮೆಂಟ್ ಬಾಕ್ಸ್ ತೆರೆದೇ ಇದೆ. ಬೈಯುವ ಮುಂಚೆ ಒಮ್ಮೆ ಆ ಲೆಕ್ಕ ಕೂಡಿ ನೋಡಿ, ಅಷ್ಟು ಸಾಕು.